ಕಾಲು ಕಾಣಬೇಕು

ಕುಣಿಯುವವನ ಕಾಲು ಕಾಣದಿದ್ದರೆ ಯಕ್ಷಗಾನದ ಆಟ ನೋಡಿದ ಲೆಕ್ಕಕ್ಕೇ ಇಲ್ಲ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬಯಲಾಟಕ್ಕೆ ಹೋದರೆ ನಾವು ಜಾಗ ಹಿಡಿಯುವುದೇ ಗೆಜ್ಜೆ ಕಟ್ಟಿದ ಕಾಲು ಕಾಣುವ ಹಾಗೆ. ಮುಂದಿನವರು ಎದ್ದು ನಿಂತರೆ "ಓಯ್, ಕೂತ್ಕೊಳ್ಳಿ ಮಾರಾಯ್ರೇ" ಅಂತ ಹಿಂದಿನಿಂದ ಕೂಗು ಬೀಳುತ್ತದಲ್ಲ, ಅದು ಕಿರೀಟ ಕಾಣಲಿಲ್ಲ ಅಂತಲ್ಲ. ಕಿರೀಟ ಹೇಗೂ ಕಾಣುತ್ತದೆ.

ಇದೇ ಒಂದು ಮಾತಿಗೆ ಹಠ ಹಿಡಿದು ಹಾಲಿವುಡ್ಡನ್ನೇ ಬಗ್ಗಿಸಿದ ಮನುಷ್ಯನೊಬ್ಬನಿದ್ದ. ಹೆಸರು ಫ್ರೆಡ್ ಅಸ್ಟೇರ್. ಕಪ್ಪು ಕೋಟು, ಉದ್ದ ಟೋಪಿ, ಕೈಯಲ್ಲೊಂದು ಬೆತ್ತ. ಫೋಟೋ ನೋಡಿದರೆ "ಓ ಇವನಾ" ಅನ್ನುತ್ತೀರಿ. ಅವನ ಬಗ್ಗೆ ಬರೆಯುವವರೆಲ್ಲ ಅವನ ಕಾಲಿನ ಬಗ್ಗೆ ಬರೆಯುತ್ತಾರೆ. ನನಗೆ ಮಾತ್ರ ಅವನ ಕಾಲಿಗಿಂತ ಅವನ ಹಠವೇ ದೊಡ್ಡದು ಅನಿಸುತ್ತದೆ.

ಮೊದಲು ಕತೆ ಹೇಳಿಬಿಡುತ್ತೇನೆ. 1899ರ ಮೇ 10ರಂದು ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾದಲ್ಲಿ ಹುಟ್ಟಿದ. ಮನೆತನದ ಹೆಸರು ಆಸ್ಟರ್ಲಿಟ್ಜ್. ಅಪ್ಪ ಆಸ್ಟ್ರಿಯಾದಿಂದ ವಲಸೆ ಬಂದವರು, ಬಿಯರ್ ತಯಾರಿಸುವ ಕಂಪೆನಿಯಲ್ಲಿ ಕೆಲಸ. ಮನೆಯವರ ಕಣ್ಣಿಗೆ ಬಿದ್ದದ್ದು ಇವನಲ್ಲ, ಅಕ್ಕ ಅಡೆಲ್. ಕುಣಿತ ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. 1905ರಲ್ಲಿ ಅಮ್ಮ ಇಬ್ಬರನ್ನೂ ಕರೆದುಕೊಂಡು ನ್ಯೂಯಾರ್ಕಿಗೆ ಹೋದರು. ಅಲ್ಲಿ ಕಲಿತದ್ದಾದ ಮೇಲೆ ವಾಡೆವಿಲ್. ಹಾಡು, ಕುಣಿತ, ನಗೆಯಾಟ ಎಲ್ಲ ಸೇರಿಸಿ ಊರೂರು ತಿರುಗುವ ರಂಗ ಅದು. ನಮ್ಮಲ್ಲಿ ಆಟದ ಮೊದಲಿಗೆ ಬರುವ ಬಾಲಗೋಪಾಲ ವೇಷದಿಂದ ಶುರುಮಾಡಿ ಮೇಳದ ತಿರುಗಾಟದಲ್ಲೇ ಬೆಳೆದ ಕಲಾವಿದರ ಬಾಲ್ಯ ಹೇಗಿತ್ತೋ ಹೆಚ್ಚು ಕಡಿಮೆ ಹಾಗೆಯೇ.

ಅಕ್ಕ ತಮ್ಮ ಸೇರಿ ನ್ಯೂಯಾರ್ಕಿನ ದೊಡ್ಡ ನಾಟಕಶಾಲೆಗಳ ಬೀದಿ ಬ್ರಾಡ್‌ವೇಗೆ ಬಂದರು. 1924ರಲ್ಲಿ ಗರ್ಶ್ವಿನ್ ಸಹೋದರರ ಸಂಗೀತ ನಾಟಕದಿಂದ ದೊಡ್ಡ ಹೆಸರಾಯಿತು. ಅದು ಲಂಡನ್ನಿನಲ್ಲೂ ಓಡಿತು. ಆದರೆ ಜನ ಬರುತ್ತಿದ್ದದ್ದು ಅಡೆಲ್‌ಗಾಗಿ. 1932ರಲ್ಲಿ ಅವಳು ಇಂಗ್ಲೆಂಡಿನ ದೊಡ್ಡ ಮನೆತನದ ಹುಡುಗನನ್ನು ಮದುವೆಯಾಗಿ ರಂಗ ಬಿಟ್ಟಳು. ತಮ್ಮನ ಕತೆ ಇಲ್ಲಿಗೆ ಮುಗಿಯಿತು ಅಂದುಕೊಂಡವರು ಬಹಳ ಮಂದಿ. ವಯಸ್ಸು ಮೂವತ್ತು ದಾಟಿತ್ತು, ತಲೆಯ ಕೂದಲು ಕಡಿಮೆಯಾಗಿತ್ತು, ಕಿವಿ ದೊಡ್ಡದು, ಗಲ್ಲ ಚೂಪು. ಸಿನಿಮಾದವರು ಪರೀಕ್ಷೆ ಮಾಡಿ "ನಟನೆ ಬರುವುದಿಲ್ಲ, ಬೋಳು ತಲೆ, ಸ್ವಲ್ಪ ಕುಣಿಯುತ್ತಾನೆ" ಅಂತ ಬರೆದಿಟ್ಟರು ಅನ್ನುವ ಕತೆ ಪ್ರಸಿದ್ಧ. ಹೇಳಿದವರ ಬಾಯಲ್ಲಿ ಅದು ಬೇರೆ ಬೇರೆ ರೂಪ ಪಡೆದಿದೆ. ನಿಜವೋ ಸುಳ್ಳೋ, ರೂಪ ನೋಡಿ ಅವಕಾಶ ಕೊಡುವ ಊರಿನಲ್ಲಿ ಇವನಿಗೆ ರೂಪವಂತೂ ಇರಲಿಲ್ಲ.

ಈಗ ಹಠದ ವಿಷಯಕ್ಕೆ ಬರೋಣ. ಅವನು ಬಂದ 1933ರಲ್ಲಿ ಹಾಲಿವುಡ್ಡಿನ ಕುಣಿತದ ದೊರೆ ಬಸ್ಬಿ ಬರ್ಕ್ಲಿ. ಅವನ ಶೈಲಿ ಏನಂದರೆ ಕ್ಯಾಮರಾವನ್ನು ಮಾಡಿಗೆ ಏರಿಸುವುದು. ಮೇಲಿನಿಂದ ನೋಡಿದರೆ ನೂರಾರು ಹುಡುಗಿಯರು ಸೇರಿ ಒಂದು ಹೂ ಆಗುತ್ತಾರೆ, ಚಕ್ರ ಆಗುತ್ತಾರೆ. ನೋಡುವುದಕ್ಕೆ ಭಾರೀ ಚಂದ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಕುಣಿಯುವುದು ಕ್ಯಾಮರಾ. ಹುಡುಗಿಯರಿಗೆ ಕುಣಿಯಲು ಬರುತ್ತದಾ ಇಲ್ಲವಾ ಅಂತ ಕೊನೆಯವರೆಗೂ ತಿಳಿಯುವುದಿಲ್ಲ.

ಅಸ್ಟೇರ್ ಇದನ್ನು ಒಪ್ಪಲಿಲ್ಲ. ಒಂದೋ ಕ್ಯಾಮರಾ ಕುಣಿಯಬೇಕು, ಇಲ್ಲ ತಾನು ಕುಣಿಯಬೇಕು, ಎರಡೂ ಆಗುವುದಿಲ್ಲ ಅಂದ. ತಲೆಯಿಂದ ಪಾದದ ತನಕ ಪೂರ್ತಿ ಕಾಣಬೇಕು. ಸಾಧ್ಯವಾದಷ್ಟು ಹೊತ್ತು ಕತ್ತರಿ ಹಾಕಬಾರದು. ನಡುವೆ ನೋಡುವವರ ಮುಖ ತೋರಿಸಿ, ಬರೀ ಮೊಣಕಾಲು ತೋರಿಸಿ ಮೋಸ ಮಾಡಬಾರದು. ಸ್ಟುಡಿಯೋದವರು ಅವನಿಗಾಗಿಯೇ ನೆಲದ ಹತ್ತಿರ ಓಡಾಡುವ ಚಕ್ರದ ಗಾಡಿ ಬಳಸಿದರು. ಜೋಡಿ ಎಡಕ್ಕೆ ಹೋದರೆ ಗಾಡಿಯೂ ಎಡಕ್ಕೆ, ಹಿಂದೆ ಸರಿದರೆ ಅದೂ ಹಿಂದಕ್ಕೆ. ಕ್ಯಾಮರಾ ಇದೆ ಅಂತಲೇ ನಮಗೆ ನೆನಪಾಗುವುದಿಲ್ಲ.

ಕತ್ತರಿ ಇಲ್ಲ ಅಂದರೆ ತಪ್ಪು ಮುಚ್ಚುವ ದಾರಿಯೂ ಇಲ್ಲ. ಮೂರನೇ ನಿಮಿಷದಲ್ಲಿ ಕಾಲು ಜಾರಿದರೆ ಮೊದಲಿನಿಂದ ಶುರು. ಹಾಗಾಗಿ ಚಿತ್ರೀಕರಣಕ್ಕೆ ಮೊದಲು ವಾರಗಟ್ಟಲೆ ಅಭ್ಯಾಸ. ಜೊತೆಗಿದ್ದವನು ಹರ್ಮಿಸ್ ಪ್ಯಾನ್ ಅನ್ನುವ ನೃತ್ಯ ನಿರ್ದೇಶಕ. ಸ್ವಿಂಗ್ ಟೈಮ್ (1936) ಸಿನಿಮಾದ ಕೊನೆಯ ಕುಣಿತಕ್ಕೆ 47 ಟೇಕ್ ಆಯಿತು ಅಂತ ಹೇಳುತ್ತಾರೆ. ಜೊತೆ ಕುಣಿದ ಜಿಂಜರ್ ರೋಜರ್ಸ್‌ಳ ಪಾದದಿಂದ ರಕ್ತ ಬಂದು ಬಿಳಿ ಚಪ್ಪಲಿ ಕೆಂಪಾಗಿತ್ತಂತೆ. ತೆರೆಯ ಮೇಲೆ ನೋಡಿ, ಇಬ್ಬರೂ ಸುಮ್ನೆ ಸಂಜೆ ಗಾಳಿಗೆ ಹೊರಟವರ ಹಾಗಿದ್ದಾರೆ.

ಜಿಂಜರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಜೋಡಿ 1933ರಿಂದ 1939ರ ಒಳಗೆ ಒಂಬತ್ತು ಸಿನಿಮಾ ಮಾಡಿತು, ಹತ್ತನೆಯದು 1949ರಲ್ಲಿ. ಕುಣಿತದ ಪಾಠದಲ್ಲಿ ಅವಳು ಅಸ್ಟೇರ್‌ಗೆ ಸಮ ಅಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಕುಣಿತ ಶುರುವಾದ ಕೂಡಲೇ ಪಾತ್ರವನ್ನು ಬಿಟ್ಟು ಬರೀ ಹೆಜ್ಜೆ ಲೆಕ್ಕ ಹಾಕುವವಳು ಅವಳಲ್ಲ. ಕೋಪ, ಅನುಮಾನ, ಒಲವು ಎಲ್ಲ ಅವಳ ಭುಜದಲ್ಲೇ ಕಾಣುತ್ತದೆ. ಟಾಪ್ ಹ್ಯಾಟ್ (1935) ಸಿನಿಮಾದಲ್ಲಿ ಅವಳು ಹಠ ಮಾಡಿ ಗರಿಗಳ ಉಡುಪು ಹಾಕಿಕೊಂಡಳು. ತಿರುಗಿದಾಗಲೆಲ್ಲ ಗರಿ ಉದುರಿ ಅಸ್ಟೇರ್‌ನ ಮೂಗು, ಕೋಟಿಗೆಲ್ಲ ಅಂಟಿ ಅವನಿಗೆ ತಲೆ ಕೆಟ್ಟುಹೋಯಿತು. ಇವತ್ತಿಗೂ ಆ ಕುಣಿತ ನೋಡಿದರೆ ಒಂದೆರಡು ಗರಿ ಗಾಳಿಯಲ್ಲಿ ತೇಲುವುದು ಕಾಣುತ್ತದೆ. ಆಮೇಲೆ ಅವನು ಅವಳನ್ನು ಕರೆಯುತ್ತಿದ್ದದ್ದೇ 'ಗರಿ' ಅಂತ.

ನಮ್ಮ ನೆರೆಕರೆಯಲ್ಲಿ ಒಬ್ಬರು ಮಾಷ್ಟ್ರಿದ್ದಾರೆ. ಶಾಲೆಯಿಂದ ರಿಟೈರ್ ಆದ ಮೇಲೆ ಮದ್ದಳೆಯೇ ಅವರ ಪ್ರಪಂಚ. ಅವರಿಗೆ ಫೋನಿನಲ್ಲಿ ಅಸ್ಟೇರ್‌ನ ಒಂದು ಕುಣಿತ ತೋರಿಸಿದೆ. ಮೊದಲು "ಇದೆಂತದು, ಶೂ ಹಾಕಿಕೊಂಡು" ಅಂದರು. ಸ್ವಲ್ಪ ಹೊತ್ತಿಗೆ ಬೆರಳು ತನ್ನಷ್ಟಕ್ಕೆ ಮೇಜಿನ ಅಂಚು ತಟ್ಟಲು ಶುರುಮಾಡಿತು. ಕನ್ನಡಕ ಹಣೆಗೇರಿಸಿ ಫೋನನ್ನು ಕಣ್ಣಿನ ಹತ್ತಿರ ತಂದರು.

"ಇವ ಪೆಟ್ಟು ಬಿಡ್ತಾನೆ, ನೋಡು. ಬೀಳ್ಬೇಕಾದಲ್ಲಿ ಸುಮ್ನೆ ನಿಂತು, ಅರ್ಧ ಕಳೆದು ಹಾಕ್ತಾನೆ. ಇವನಿಗೆ ಮದ್ದಳೆ ಗೊತ್ತುಂಟು."

"ಮದ್ದಳೆ ಅಲ್ಲ ಮಾಷ್ಟ್ರೇ, ಡ್ರಮ್ಸ್ ಬಾರಿಸ್ತಿದ್ದ. ಪಿಯಾನೋ ಕೂಡ."

"ಅದೇ ಮತ್ತೆ. ಹಿಮ್ಮೇಳ ಗೊತ್ತಿಲ್ಲದವ ಹೀಗೆ ಕುಣಿಯುವುದಿಲ್ಲ."

ಆಮೇಲೆ ನಾನೇ ಬಾಯಿ ತಪ್ಪಿ ಹೇಳಿಬಿಟ್ಟೆ, ಶೂಗಳಿಗೆ ಹೊಡೆದ ಲೋಹದ ತಗಡಿನ ಸದ್ದು ನಮಗೆ ಕೇಳುತ್ತದಲ್ಲ, ಅದನ್ನು ಕುಣಿದದ್ದಾದ ಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸುತ್ತಿದ್ದರು ಅಂತ. ಮಾಷ್ಟ್ರ ಮುಖ ಸಣ್ಣಗಾಯಿತು. "ಹಾಗಾದ್ರೆ ಅರ್ಧ ಮಾರ್ಕು ಕಮ್ಮಿ" ಅಂದರು. ಅಷ್ಟಾದರೂ ಫೋನು ವಾಪಸ್ ಕೊಡಲಿಲ್ಲ.

ಅವರೇ ಕಂಡುಹಿಡಿದ ಇನ್ನೊಂದು ವಿಷಯ ಅವನ ಕೈ. ಅಸ್ಟೇರ್‌ನ ಅಂಗೈ ದೇಹಕ್ಕೆ ಹೋಲಿಸಿದರೆ ಭಾರೀ ದೊಡ್ಡದು, ಅವನಿಗೆ ಅದೊಂದು ನಾಚಿಕೆ. ಹಾಗಾಗಿ ಕುಣಿಯುವಾಗ ನಡುವಿನ ಎರಡು ಬೆರಳನ್ನು ಒಳಕ್ಕೆ ಮಡಚಿ ಹಿಡಿಯುತ್ತಿದ್ದ. ಕೊರತೆ ಮುಚ್ಚಲು ಮಾಡಿದ್ದು ನೋಡುವವರಿಗೆ ಮುದ್ರೆಯಾಗಿ ಕಂಡಿತು.

ಎಲ್ಲವೂ ಹೊಗಳಿಕೆಯೇ ಆದರೆ ಸರಿಯಲ್ಲ. ಅವನು ಕುಣಿದ, ಶೂಗಳ ಸದ್ದೇ ತಾಳವಾಗುವ ಟ್ಯಾಪ್ ಕುಣಿತದ ಬೇರು ಅಮೆರಿಕದ ಕಪ್ಪು ಜನರ ಹತ್ತಿರ ಇದೆ. ಬಿಲ್ ರಾಬಿನ್ಸನ್, ಜಾನ್ ಬಬಲ್ಸ್ ಮುಂತಾದವರು ಆ ದಾರಿ ಹಾಕಿದವರು. ಸ್ವಿಂಗ್ ಟೈಮ್‌ನಲ್ಲೇ ರಾಬಿನ್ಸನ್‌ಗೆ ಗೌರವ ಅಂತ ಹೇಳಿ ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿದಿದ್ದಾನೆ. ಬಣ್ಣ ಹಚ್ಚುವುದು ನಮಗೆ ಹೊಸತಲ್ಲ, ವೇಷ ಕಟ್ಟುವ ಚೌಕಿಯಲ್ಲಿ ದಿನಾ ನಡೆಯುವುದೇ ಅದು. ಆದರೆ ಬಣ್ಣದ ವೇಷದಲ್ಲಿ ಯಾವ ಜನರನ್ನೂ ಅಣಕಿಸಿದ ಹಾಗಲ್ಲ. ಅಮೆರಿಕದಲ್ಲಿ ಆ ಕಪ್ಪು ಮಸಿಗೆ ಒಂದು ಜನಾಂಗವನ್ನು ದಶಕಗಳ ಕಾಲ ಗೇಲಿ ಮಾಡಿದ ಚರಿತ್ರೆ ಇತ್ತು. ಕುಣಿತ ಅದ್ಭುತವಾಗಿದೆ, ಮುಖ ನೋಡಲಾಗುವುದಿಲ್ಲ.

ಅದೇ ಕಾಲದಲ್ಲಿ ಫಯಾರ್ಡ್ ಮತ್ತು ಹೆರಾಲ್ಡ್ ನಿಕೋಲಸ್ ಅನ್ನುವ ಕಪ್ಪು ಸಹೋದರರಿದ್ದರು. ಸ್ಟಾರ್ಮಿ ವೆದರ್ (1943) ಸಿನಿಮಾದಲ್ಲಿ ದೊಡ್ಡ ಮೆಟ್ಟಿಲಿನ ಮೇಲಿಂದ ಒಬ್ಬರ ತಲೆಯ ಮೇಲೆ ಒಬ್ಬರು ಹಾರಿ, ಎರಡೂ ಕಾಲು ಚಾಚಿ ಕೆಳಗಿನ ಮೆಟ್ಟಿಲಿಗೆ ಬಿದ್ದು, ಕೈ ಊರದೆ ಎದ್ದು, ಮತ್ತೆ ಹಾರುತ್ತಾರೆ. ಆಟದಲ್ಲಿ ಹಾರಿ ಹಾರಿ ತಿರುಗುವ ದಿಗಿಣದ ಪ್ರಿಯರು ಎದೆ ಗಟ್ಟಿ ಮಾಡಿಕೊಂಡು ನೋಡಬೇಕು. ಸಿನಿಮಾದಲ್ಲಿ ಬಂದ ಕುಣಿತಗಳಲ್ಲೇ ಅದು ಎಲ್ಲಕ್ಕಿಂತ ಮೇಲು ಅಂತ ಅಸ್ಟೇರನೇ ಅವರಿಗೆ ಹೇಳಿದ್ದ. ಆದರೆ ಅವರಿಗೆ ನಾಯಕನ ಪಾತ್ರ ಸಿಗಲಿಲ್ಲ. ಬಿಳಿಯರ ಸಿನಿಮಾಗಳಲ್ಲಿ ಅವರ ಕುಣಿತವನ್ನು ಕತೆಗೆ ಅಂಟದ ಹಾಗೆ ಇಡುತ್ತಿದ್ದರು. ದಕ್ಷಿಣದ ರಾಜ್ಯಗಳ ಥಿಯೇಟರಿನವರು ಬೇಡ ಅಂದರೆ ಆ ತುಂಡನ್ನು ತೆಗೆದು ಬಿಸಾಡಬಹುದಲ್ಲ, ಅದಕ್ಕೆ. ನನ್ನ ಕುಣಿತಕ್ಕೆ ಕತ್ತರಿ ಹಾಕಬೇಡಿ ಅಂತ ಹೇಳುವ ಹಕ್ಕು ಬಿಳಿಯ ಅಸ್ಟೇರ್‌ಗೆ ಇತ್ತು, ಇವರಿಗೆ ಇರಲಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1946ರಲ್ಲಿ ಸಾಕು ಅಂತ ನಿವೃತ್ತಿ ಘೋಷಿಸಿದ. ಇನ್ನೊಬ್ಬ ಕುಣಿತದ ನಟ ಜೀನ್ ಕೆಲ್ಲಿ ಕಾಲಿನ ಗಂಟು ಮುರಿದುಕೊಂಡ ಕಾರಣ ಅವನ ಜಾಗಕ್ಕೆ ಕರೆ ಬಂತು, 1948ರಲ್ಲಿ ಈಸ್ಟರ್ ಪರೇಡ್ ಮೂಲಕ ವಾಪಸ್. 1951ರ ರಾಯಲ್ ವೆಡ್ಡಿಂಗ್‌ನಲ್ಲಿ ಗೋಡೆ ಹತ್ತಿ ಮಾಡಿನಲ್ಲಿ ತಲೆಕೆಳಗಾಗಿ ಕುಣಿದ. ಕಂಪ್ಯೂಟರ್ ಇಲ್ಲದ ಕಾಲ. ಇಡೀ ಕೋಣೆಯನ್ನೇ ದೊಡ್ಡ ಪೀಪಾಯಿಯ ಒಳಗೆ ಕಟ್ಟಿ, ಕುರ್ಚಿ ಮೇಜಿಗೆ ಮೊಳೆ ಹೊಡೆದು, ಕ್ಯಾಮರಾ ಮತ್ತು ಕ್ಯಾಮರಾದವನನ್ನೂ ಅದಕ್ಕೇ ಬಿಗಿದು ತಿರುಗಿಸಿದರು. ಅವನು ಯಾವಾಗಲೂ ನೆಲದ ಮೇಲೇ ಇದ್ದಾನೆ, ತಿರುಗುವುದು ಕೋಣೆ. ಗೋಡೆ ನೆಲವಾಗುವ ಕ್ಷಣಕ್ಕೆ ಸರಿಯಾಗಿ ಕಾಲು ದಾಟಿಸಬೇಕು. ಇದೂ ತಂತ್ರವೇ. ಆದರೆ ಈ ತಂತ್ರ ಅವನ ಕಾಲನ್ನು ಮುಚ್ಚಲಿಲ್ಲ.

1954ರಲ್ಲಿ ಹೆಂಡತಿ ಫಿಲ್ಲಿಸ್ ಕ್ಯಾನ್ಸರಿನಿಂದ ತೀರಿಕೊಂಡರು. 1958ರಲ್ಲಿ ಟಿವಿ ಕಾರ್ಯಕ್ರಮ ಮಾಡಿದ, ಅದಕ್ಕೆ ಒಂಬತ್ತು ಎಮ್ಮಿ ಪ್ರಶಸ್ತಿ ಬಂತು. 1983ರಲ್ಲಿ ಮೈಕಲ್ ಜಾಕ್ಸನ್ ಟಿವಿಯಲ್ಲಿ ಮೂನ್‌ವಾಕ್ ಮಾಡಿದಾಗ ಫೋನ್ ಮಾಡಿ ಬೆನ್ನು ತಟ್ಟಿದ. ಜಾಕ್ಸನ್ ತನ್ನ ಆತ್ಮಕಥೆಯನ್ನು ಇವನಿಗೇ ಅರ್ಪಿಸಿದ್ದಾನೆ. 1987ರ ಜೂನ್ 22ರಂದು, 88ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡ. ಹತ್ತು ವರ್ಷ ಕಳೆದು ವ್ಯಾಕ್ಯೂಮ್ ಕ್ಲೀನರ್ ಕಂಪೆನಿಯೊಂದು ಅವನ ಹಳೆಯ ಕುಣಿತಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಅವನ ಕೈಗೆ ಕಸ ಎಳೆಯುವ ಮಿಷನ್ ಕೊಟ್ಟು ಜಾಹೀರಾತು ಮಾಡಿತು. ಎರಡನೇ ಹೆಂಡತಿಯ ಒಪ್ಪಿಗೆ ಇತ್ತು. ನನಗೆ ಮಾತ್ರ ಆ ಜಾಹೀರಾತು ಪೂರ್ತಿ ನೋಡಲು ಮನಸ್ಸು ಬರಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ ಈಚೆಗೆ ನೋಡಿದ ಒಂದು ಆಟದ ಲೈವ್. ಯಾವ ಚಾನೆಲ್ ಅಂತ ಹೇಳುವುದಿಲ್ಲ, ಎಲ್ಲ ಕಡೆಯೂ ಇದೇ ಕತೆ. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುತ್ತಿದ್ದಾನೆ. ಚೆಂಡೆ ಏರುತ್ತಿದೆ. ದಿಗಿಣ ಶುರುವಾಯಿತು ಅನ್ನುವಷ್ಟರಲ್ಲಿ ಕ್ಯಾಮರಾ ಮುಖಕ್ಕೆ ಜೂಮ್. ಪರದೆಯಲ್ಲಿ ಒಂದು ಕಿರೀಟ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಆಮೇಲೆ ಭಾಗವತರ ಜಾಗಟೆ. ಆಮೇಲೆ ಡ್ರೋನ್. ಡ್ರೋನಿನಿಂದ ನೋಡಿದರೆ ಅಭಿಮನ್ಯು ಒಂದು ಬುಗುರಿ. ಆ ಹುಡುಗ ಎಷ್ಟು ಎತ್ತರಕ್ಕೆ ಹಾರಿದ, ತಾಳಕ್ಕೆ ಇಳಿದನಾ ಇಲ್ಲವಾ, ಕೊನೆಗೆ ಸುಸ್ತಾದಾಗ ಹೆಜ್ಜೆ ಹೇಗೆ ಉಳಿಸಿಕೊಂಡ, ಒಂದೂ ಕಾಣಲಿಲ್ಲ. ಮಾತಿಗೆ ಹೆಸರಾದ ಕಲಾವಿದ ಶೇಣಿಯವರ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಕಣ್ಣುಮುಚ್ಚಿ ಕೇಳಿದರೂ ನಡೆಯುತ್ತಿತ್ತು. ಪುತ್ತೂರು ಶ್ರೀಧರ ಭಂಡಾರಿಯವರ ದಿಗಿಣಕ್ಕೆ ಕಣ್ಣೇ ಬೇಕಿತ್ತು ಅಲ್ವಾ?

ಮುಖ ತೋರಿಸಲೇಬೇಡಿ ಅಂತಲ್ಲ. ಸ್ತ್ರೀವೇಷದ ಕಣ್ಣು, ಕರುಣ ರಸದ ಪದ್ಯ, ಅಲ್ಲಿ ಹತ್ತಿರ ಹೋಗಿ. ಕುಣಿತ ಶುರುವಾದರೆ ಹಿಂದೆ ಬನ್ನಿ, ಅಷ್ಟೇ. ಮದರಾಸಿನ ಹಳೆಯ ಸಿನಿಮಾದವರಿಗೂ ಇದು ಗೊತ್ತಿತ್ತು. 1958ರಲ್ಲಿ ವೈಜಯಂತಿಮಾಲಾ ಮತ್ತು ಪದ್ಮಿನಿ ತೆರೆಯ ಮೇಲೆ ಪೈಪೋಟಿಗೆ ಬಿದ್ದು ಕುಣಿದದ್ದನ್ನು ಇವತ್ತಿಗೂ ಜನ ಹುಡುಕಿ ನೋಡುವುದು ಯಾಕೆ? ಇಬ್ಬರೂ ನಿಜವಾಗಿ ಕುಣಿಯುತ್ತಿದ್ದಾರೆ ಅಂತ ಕಣ್ಣಿಗೆ ಕಾಣುವ ಕಾರಣ.

ಇನ್ನು ರೀಲ್ಸ್. ಅಲ್ಲಿ ಉಲ್ಟಾ ಕಾಯಿಲೆ. ಕಾಲು ಕಾಣುತ್ತದೆ, ಕತೆ ಕಾಣುವುದಿಲ್ಲ. ಅರ್ಧ ನಿಮಿಷದ ದಿಗಿಣ, ಕೆಳಗೆ ಬೆಂಕಿಯ ಚಿತ್ರ. ಅಭಿಮನ್ಯುವೋ ಬಬ್ರುವಾಹನನೋ ಯಾರಿಗೂ ಬೇಡ. ಅಸ್ಟೇರ್‌ನ ಇನ್ನೊಂದು ಷರತ್ತು ಇದೇ ಆಗಿತ್ತು, ಕುಣಿತ ಕತೆಯ ಒಳಗಿನಿಂದ ಹುಟ್ಟಬೇಕು ಅಂತ. ಅವನ ಸಿನಿಮಾದ ಕತೆಗಳು ತೀರಾ ಟೊಳ್ಳು, ಅದು ಬೇರೆ ಮಾತು. ಆದರೂ ಕುಣಿತದ ಮೊದಲು ಜಗಳ ಆಡಿದವರು ಕುಣಿತ ಮುಗಿಯುವಾಗ ಒಂದಾಗಿರುತ್ತಾರೆ. ನಮ್ಮ ಅಭಿಮನ್ಯು ದಿಗಿಣ ಹೊಡೆಯುವುದು ಅವನಿಗೆ ಹದಿನಾರು ವರ್ಷ, ಒಳಗೆ ಹೋಗಲು ಮಾತ್ರ ಗೊತ್ತು, ಹೊರಗೆ ಬರಲು ಗೊತ್ತಿಲ್ಲ ಅನ್ನುವ ಕಾರಣಕ್ಕೆ. ಲೈಕಿಗಾಗಿ ಅಲ್ಲ.

"ಕಾಲ ಬದಲಾಗಿದೆ, ಒಂದೇ ಕ್ಯಾಮರಾ ಇಟ್ಟರೆ ಯಾರು ನೋಡ್ತಾರೆ" ಅಂತ ಹುಡುಗರು ಹೇಳುತ್ತಾರೆ. ನೋಡುತ್ತಾರೆ. 90 ವರ್ಷ ಹಳೆಯ ಕಪ್ಪುಬಿಳುಪು ಕುಣಿತವನ್ನು ಪೆರ್ಲದ ಪೇಟೆಯಲ್ಲಿ ಕೂತು ನಾವು ನೋಡುತ್ತಿಲ್ಲವಾ? ದೀಪಾವಳಿ ಕಳೆದು ಮೇಳಗಳು ಹೊರಡುವ ಮೊದಲು, ವಿಡಿಯೋ ಮಾಡುವ ಪರಿಚಯದವರಿದ್ದರೆ ಅವರ ಕಿವಿಗೆ ಒಂದು ಮಾತು ಹಾಕಿ. ಎಷ್ಟು ಕ್ಯಾಮರಾ ಬೇಕಾದರೂ ತನ್ನಿ, ಒಂದು ಮಾತ್ರ ರಂಗಸ್ಥಳದ ಎದುರು, ಪಾದದಿಂದ ಕಿರೀಟದ ತನಕ ಕಾಣುವ ಹಾಗೆ ಅಲುಗಾಡದೆ ಇರಲಿ. ದಿಗಿಣದ ಹೊತ್ತಿಗೆ ಅದನ್ನೇ ಹಾಕಿ. ಒಪ್ಪದಿದ್ದರೆ ನಿಕೋಲಸ್ ಸಹೋದರರ ಆ ಮೆಟ್ಟಿಲಿನ ಕುಣಿತ ತೋರಿಸಿ. ಫೋನಿನಲ್ಲಿ ಬೇಡ, ಟಿವಿಗೆ ಹಾಕಿ, ಸೌಂಡ್ ಜಾಸ್ತಿ ಇಟ್ಟು.