ಕ್ಯಾಲಿಬರ್‌ಗಿಂತ ಗುಂಡಿನ ರಚನೆ ಮುಖ್ಯ

ಜಿಂಕೆ ಬೇಟೆಗೆ ಗುಂಡಿನ ಕ್ಯಾಲಿಬರ್, ಅಂದರೆ ಅದರ ವ್ಯಾಸ, ದೊಡ್ಡದಾದಷ್ಟೂ ಒಳ್ಳೆಯದು ಎಂದು ಬೇಟೆಯ ಗುಂಡುಗಳ ಬಗೆಗಿನ ಲೇಖನವೊಂದರಲ್ಲಿ ಲೇಖಕರು ತಲುಪಿರುವ ತೀರ್ಮಾನವನ್ನು ನಾನು ಪೂರ್ತಿ ಒಪ್ಪಲಾರೆ. ಮಧ್ಯಮ ಗಾತ್ರದ ಜಿಂಕೆಗೆ .243 ವಿಂಚೆಸ್ಟರ್ ಎಂಬ ಸಣ್ಣ ಕ್ಯಾಲಿಬರ್‌ನ ತೋಟೆಯ 100 ಗ್ರೇನ್ ಗುಂಡು, ಅಂದರೆ ಸುಮಾರು 6.5 ಗ್ರಾಂ ತೂಕದ್ದು, ಹದವಾದ ದೂರದಲ್ಲಿ ಸಾಕಾಗುತ್ತದೆ; ಅದಕ್ಕಿಂತ ದೊಡ್ಡ ತೋಟೆಯಾದ .30-06 ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವುದಕ್ಕೆ ಹೆದರಿ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಹೊತ್ತಿಗೆ ಕಣ್ಣು ಮುಚ್ಚುವವರಿಗೆ ಆ ಹೆಚ್ಚುವರಿ ಶಕ್ತಿಯಿಂದ ಪ್ರಯೋಜನವೇನೂ ಇಲ್ಲ.

ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿದಿರುವ ಗುಂಡಿನ ರಚನೆಯೇ ನನ್ನ ದೃಷ್ಟಿಯಲ್ಲಿ ಮುಖ್ಯ ವಿಷಯ. ಪೂರ್ತಿ ಲೋಹದ ಹೊದಿಕೆಯಿರುವ, ಸೈನ್ಯದಲ್ಲಿ ಬಳಸುವಂಥ ಗುಂಡು ಹಿಗ್ಗದೆ ಸಣ್ಣ ರಂಧ್ರ ಮಾಡಿಕೊಂಡು ಆಚೆ ಹೋಗುವುದರಿಂದ ಗಾಯಗೊಂಡ ಪ್ರಾಣಿ ಬಹುದೂರ ಓಡಿ ನರಳಿ ಸಾಯುವ ಸಾಧ್ಯತೆ ಹೆಚ್ಚು; ಅನೇಕ ಕಡೆ ಬೇಟೆಗೆ ಅದರ ಬಳಕೆಯನ್ನು ನಿಷೇಧಿಸಿರುವುದು ಇದೇ ಕಾರಣಕ್ಕೆ. ಸಣ್ಣ ಪ್ರಾಣಿಗಳಿಗೆಂದು ಮಾಡಿದ, ತಾಗಿದೊಡನೆ ಚೂರಾಗುವ ಗುಂಡು ಇದಕ್ಕೆ ತದ್ವಿರುದ್ಧವಾಗಿ ಭುಜದ ಮೂಳೆಯಲ್ಲೇ ಒಡೆದು ಶ್ವಾಸಕೋಶವನ್ನು ತಲುಪದೇ ಹೋಗಬಹುದು. ಹಿಗ್ಗಿಯೂ ಇಡಿಯಾಗಿ ಉಳಿಯುವ, ಹೊದಿಕೆಗೆ ಸೀಸವನ್ನು ಬೆಸೆದ ಗುಂಡನ್ನು ಆರಿಸುವುದೇ ಜಾಣತನ.

ಸೀಸದ ಚೂರುಗಳು ಮಾಂಸಕ್ಕೂ ಅವಶೇಷ ತಿನ್ನುವ ಹದ್ದುಗಳ ಹೊಟ್ಟೆಗೂ ಸೇರುವುದರಿಂದ ಕ್ಯಾಲಿಫೋರ್ನಿಯಾ 2019ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣ ನಿಷೇಧಿಸಿದೆ. ಅಪ್ಪಟ ತಾಮ್ರದ ಗುಂಡು ಅದಕ್ಕೆ ಉತ್ತಮ ಪರ್ಯಾಯವೇ ಸರಿ, ಆದರೆ ಹಿಗ್ಗಲು ಅದಕ್ಕೆ ಹೆಚ್ಚು ವೇಗ ಬೇಕಾಗುವುದರಿಂದ ದೂರದ ಹೊಡೆತದಲ್ಲಿ ಎಚ್ಚರಿಕೆ ಅಗತ್ಯ. ಅಷ್ಟೇ ತೂಕದ ಸೀಸದ ಗುಂಡಿಗಿಂತ ಅದು ಉದ್ದವಾಗಿರುವ ಕಾರಣ ಗುಂಡನ್ನು ತಿರುಗಿಸಿ ಸ್ಥಿರವಾಗಿಡುವ, ನಳಿಕೆಯೊಳಗಿನ ಸುರುಳಿ ಗೆರೆಗಳ ತಿರುವು ಅದಕ್ಕೆ ಹೊಂದುತ್ತದೆಯೇ ಎಂಬುದನ್ನೂ ನೋಡಬೇಕು. ಯಾವುದನ್ನೇ ಕೊಂಡರೂ ಬೇಟೆಗೆ ಒಯ್ಯುವ ಗುಂಡಿನಿಂದಲೇ ಗುರಿಹಲಗೆಗೆ ಹೊಡೆದು ಬಂದೂಕಿನ ಮೇಲಿನ ಗುರಿ ದುರ್ಬೀನನ್ನು ಹೊಂದಿಸಿಕೊಳ್ಳಬೇಕು, ಏಕೆಂದರೆ ತಯಾರಕರು ಬದಲಾದರೆ ಅದೇ ತೂಕದ ಗುಂಡೂ ಬೇರೆ ಜಾಗಕ್ಕೆ ತಾಗುತ್ತದೆ.