ವಿಳಾಸ ಬದಲಿಸಿದ ಪ್ರಿಂಟರು

ನಮ್ಮ ಆಡಿಟರ್ ಆಫೀಸಿನಲ್ಲಿ ಹನ್ನೊಂದು ಜನ, ಪ್ರಿಂಟರು ಒಂದೇ. ನೀರಿನ ಫಿಲ್ಟರಿನ ಪಕ್ಕದಲ್ಲಿ ಅದರ ವಾಸ. ಕಳೆದ ಆಯುಧಪೂಜೆಗೆ ಇಟ್ಟ ಕುಂಕುಮ ಹಣೆಯ ಮೇಲೆ ಇನ್ನೂ ಇದೆ. ಒರೆಸಿದರೆ ಎಲ್ಲಿ ನಿಂತುಹೋದೀತೋ ಎಂದು ಯಾರೂ ಒರೆಸಿಲ್ಲ. ಒರೆಸದಿದ್ದರೂ ಅದು ನಿಲ್ಲುತ್ತದೆ, ಆ ಮಾತು ಬೇರೆ.

ಹಸಿರು ದೀಪ ಉರಿಸಿಕೊಂಡು ಕಣ್ಣೆದುರಿಗೇ ಕೂತಿರುತ್ತದೆ. ಕಂಪ್ಯೂಟರು ಮಾತ್ರ ‘ಆಫ್‌ಲೈನ್’ ಅನ್ನುತ್ತದೆ. ಸಾಲ ಕೇಳಲು ಬಂದವರಿಗೆ ಯಜಮಾನರು ಒಳಗೇ ಕೂತು ‘ಊರಲ್ಲಿಲ್ಲ’ ಅಂತ ಹೇಳಿಸುತ್ತಾರಲ್ಲ, ಥೇಟ್ ಹಾಗೆ.

ಈ ಸಲ ಹಾಗಾದದ್ದು 18ನೇ ತಾರೀಖು. 20ಕ್ಕೆ ಜಿಎಸ್‌ಟಿ ರಿಟರ್ನಿನ ಗಡುವು. ರಿಟರ್ನು ಹೋಗುವುದು ಆನ್‌ಲೈನೇ ಆದರೂ ನಮ್ಮ ಪಾರ್ಟಿಗಳಿಗೆ ಕಾಗದ ಕೈಗೆ ಬಂದರೇನೇ ನಂಬಿಕೆ. ಸರಿ, ಎಲ್ಲರೂ ವೈದ್ಯರಾದರು. ಅಟೆಂಡರಣ್ಣ ಆಫ್ ಮಾಡಿ ಆನ್ ಮಾಡಿದ. ಮೇಡಂ ಟೋನರ್ ತೆಗೆದು ಮಗುವನ್ನು ತೂಗಿದಂತೆ ತೂಗಿದರು. ಅಕ್ಷರ ಮಸುಕಾದಾಗ ಮಾಡುವ ಉಪಚಾರ ಅದು. ಜ್ವರಕ್ಕೆ ಕಾಲು ತಿಕ್ಕಿದ ಹಾಗಾಯಿತು. ಉಳಿದವರು ಪ್ರಿಂಟ್ ಗುಂಡಿಯನ್ನೇ ಒತ್ತುತ್ತ ಕೂತರು. ಲಿಫ್ಟಿನ ಗುಂಡಿ ಒತ್ತಿದಷ್ಟೂ ಲಿಫ್ಟು ಬೇಗ ಬರುತ್ತದೆಂದು ನಂಬುವ ಜನ.

1980ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಪ್ರೋಗ್ರಾಮರನಿಗೂ ಇಂಥದ್ದೇ ಕಾಟ. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವಂತೆ ಆತ ತಂತ್ರಾಂಶವನ್ನು ತಿದ್ದಿದ್ದ. ಹೊಸದಾಗಿ ಬಂದ ಜೆರಾಕ್ಸ್ ಲೇಸರ್ ಪ್ರಿಂಟರಿಗೆ ಹಾಗೆ ಮಾಡೋಣವೆಂದರೆ ತಿದ್ದಲು ಬೇಕಾದ ಮೂಲ ಸಂಕೇತವೇ (ಸೋರ್ಸ್ ಕೋಡ್) ಸಿಗಲಿಲ್ಲ. ಆ ಸಿಟ್ಟೂ ಸೇರಿ 1983ರಲ್ಲಿ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶ ಬರೆಯುವ ‘ಗ್ನೂ’ ಯೋಜನೆ ಘೋಷಿಸಿದ. ಮುಕ್ತ ತಂತ್ರಾಂಶದ ಚಳವಳಿಯೇ ಶುರುವಾಯಿತು. ನನಗೂ ಅಷ್ಟೇ ಸಿಟ್ಟು ಬಂದಿತ್ತು. ನಾನು ಕಾಫಿಗೆ ಹೋದೆ.

ಕಾಫಿ ಕುಡಿಯುವಾಗ ಹೊಳೆಯಿತು: ಬೆಳಿಗ್ಗೆ ಕರೆಂಟು ಹೋಗಿತ್ತು! ಆಫೀಸಿನ ಯಂತ್ರಗಳಿಗೆಲ್ಲ ನೆಟ್‌ವರ್ಕಿನ ವಿಳಾಸ ಹಂಚುವ ನಮ್ಮ ರೌಟರು ಛತ್ರದ ಮ್ಯಾನೇಜರನಿದ್ದಂತೆ. ಕರೆಂಟು ಹೋಗಿ ಬಂದರೆ ಹಳೇ ಲೆಕ್ಕ ಮರೆತು, ಬಂದವರ ಕೈಗೆ ಯಾವುದೋ ರೂಮಿನ ಬೀಗದಕೈ ಕೊಡುತ್ತದೆ. ನಿನ್ನೆಯವರೆಗೆ 192.168.1.12ರಲ್ಲಿದ್ದ ಪ್ರಿಂಟರು ಇವತ್ತು 192.168.1.7ಕ್ಕೆ ಬಿಡಾರ ಬದಲಿಸಿತ್ತು. 12ರಲ್ಲಿ ಯಾರದೋ ಮೊಬೈಲು ಇಳಿದುಕೊಂಡಿತ್ತು. ಕಂಪ್ಯೂಟರುಗಳು ಪಾಪ, ಹಳೇ ಬಾಗಿಲನ್ನೇ ತಟ್ಟುತ್ತಿದ್ದವು. ಪ್ರಿಂಟರಿನ ಮೇಲೆಯೇ ಇರುವ ಮೆನುವಿನಿಂದ ಅದರ ವಿವರದ ಹಾಳೆ ತೆಗೆಸಿದೆ. ಯಾರ ಹಂಗೂ ಇಲ್ಲದೆ ಸರಾಗವಾಗಿ ಬಂತು. ಹೊಸ ವಿಳಾಸ ಅದರಲ್ಲೇ ಇತ್ತು.

ಗುಟ್ಟು ಗೊತ್ತಾದರೂ ರೌಟರಿನ ಪಾಸ್‌ವರ್ಡು ಯಾರಿಗೂ ಗೊತ್ತಿರಲಿಲ್ಲ. ಮರುದಿನ ಸಂಜೆ ಅದು ಕ್ಯಾಲೆಂಡರಿನ ಹಿಂಬದಿಯಲ್ಲಿ ಸಿಕ್ಕಿತು. ಒಳಹೊಕ್ಕು, 12ನೇ ರೂಮು ಖಾಯಮ್ಮಾಗಿ ಪ್ರಿಂಟರಿಗೇ ಎಂದು ಬರೆದಿಟ್ಟೆ. ರೌಟರು, ಪ್ರಿಂಟರು ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. (ಅಟೆಂಡರಣ್ಣ ‘ನಾನೂ ಇದನ್ನೇ ಮಾಡಿದ್ದೆ’ ಅಂದ.)

ಗುರ್ ಎಂದಿತು. ಎರಡು ದಿನದಿಂದ ಹನ್ನೊಂದು ಕಂಪ್ಯೂಟರಿನಲ್ಲಿ ಸರತಿ ನಿಂತಿದ್ದದ್ದೆಲ್ಲ ಒಂದೇ ಸಮನೆ ಹೊರಬೀಳತೊಡಗಿತು. ಅದೇ ಬ್ಯಾಲೆನ್ಸ್ ಶೀಟು ಏಳು ಪ್ರತಿ. ಯಾರದೋ ಮಗಳ ಸ್ಕೂಲಿನ ‘ಜಲಚಕ್ರ’. ಧಾರವಾಡಕ್ಕೆ ಟ್ರೇನ್ ಟಿಕೆಟು. ಒಂದು ಜಾತಕ, ಕುಂಡಲಿ ಸಮೇತ. ನಡುವೆ ಒಂದು ಫೈಲಿಗೆ ಎ4 ಬದಲು ಅಮೆರಿಕದ ಲೆಟರ್ ಅಳತೆಯ ಕಾಗದವೇ ಬೇಕೆಂದು ದೀಪ ಮಿಟುಕಿಸಿತು. ಸರಿ ಅನ್ನಿಸಿ ಮುಂದೆ ಕಳಿಸಿದೆ.

ಆಗ ನೆನಪಾಯಿತು, ನಿನ್ನೆ ಆಫ್‌ಲೈನ್ ಅಂದಾಗ ಸದ್ಯ ಬಚಾವಾದೆ ಎಂದು ನಾನು ಬಿಟ್ಟಿದ್ದ ಹಾಳೆಯೊಂದಿತ್ತು. ಕೈ ಚಾಚುವಷ್ಟರಲ್ಲಿ ನೀರು ಕುಡಿಯಲು ಬಂದಿದ್ದ ಆಡಿಟರ್ ಸಾಹೇಬರು ಅದನ್ನು ಎತ್ತಿಕೊಂಡರು. ಇನ್ನೊಂದು ಆಫೀಸಿಗೆ ನಾನು ಬರೆದ ಕೆಲಸದ ಅರ್ಜಿ. ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದರು.

“ಅಕ್ಷರ ಚೆನ್ನಾಗಿ ಮೂಡಿದೆ ಕಣ್ರೀ,” ಎಂದು ಕೈಗಿತ್ತು, ಲೋಟ ತೊಳೆಯಲು ಹೋದರು.