ಮೊಳಕೆಯ ಮರ್ಯಾದೆ

ರಾಯಚೂರಿನ ನಮ್ಮ ಓಣಿಯ ತುದಿಯಲ್ಲಿರುವ ತರಕಾರಿ ಅಂಗಡಿಯವನು ಹನ್ನೊಂದು ವರ್ಷಗಳಿಂದ ನನ್ನ ಚೀಲದ ತಳಕ್ಕೆ ಮೊಳಕೆಯೊಡೆದ ಎರಡು ಆಲೂಗಡ್ಡೆಗಳನ್ನು ತಪ್ಪದೆ ಸೇರಿಸುತ್ತ ಬಂದಿದ್ದಾನೆ. ಆದ್ದರಿಂದ ಕಳೆದ ಕಾರ್ತಿಕದಲ್ಲಿ ಹಿತ್ತಲಿಗೆ ಆಲೂಗಡ್ಡೆ ಹಾಕುವ ಹುಚ್ಚು ನನಗೆ ಹತ್ತಿದಾಗ, ಬಿತ್ತನೆ ಗಡ್ಡೆಗಾಗಿ ದೂರ ಅಲೆಯಬೇಕಾಗಿಲ್ಲವೆಂದು ನೆಮ್ಮದಿಯಿಂದಿದ್ದೆ. ಬಿತ್ತನೆ ಗಡ್ಡೆಯ ಆಯ್ಕೆಯ ಬಗ್ಗೆ ಒಂದು ಮುಖ್ಯವಾದ ಮಾತು ಹೇಳುವುದಿದೆ. ಅದಕ್ಕೆ ಮೊದಲು ಈ ಅಂಗಡಿಯವನ ವಿಷಯವನ್ನು ಮುಗಿಸಿಬಿಡುತ್ತೇನೆ.

"ಮೊಳಕಿ ಬಂದದ್ದು ಒಂದು ಕಿಲೋ ಕೊಡಪಾ" ಎಂದೆ. ತಕ್ಕಡಿಯ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು. "ಏನ್ ಮಾತಂತ ಆಡ್ತೀರಿ ಸರ್? ನಮ್ಮ ಅಂಗಡ್ಯಾಗ ಅಂಥಾ ಮಾಲು ಇರಂಗಿಲ್ರಿ" ಎಂದವನು ಅಷ್ಟಕ್ಕೇ ಬಿಡದೆ, ಬುಟ್ಟಿಯಿಂದ ಒಂದೊಂದೇ ಗಡ್ಡೆಯನ್ನು ಎತ್ತಿ, ನಾಲ್ಕು ಸುತ್ತು ತಿರುಗಿಸಿ, ನನಗೂ ಅಲ್ಲಿ ನಿಂತಿದ್ದವರಿಗೂ ತೋರಿಸತೊಡಗಿದನು. ಮೆಂತ್ಯದ ಸೂಡು ಹಿಡಿದಿದ್ದ ಅಜ್ಜಿಯೊಬ್ಬಳು "ಯಪ್ಪಾ, ಅಂವ ಅಂಥಾವ ಅಲ್ಲ" ಎಂದು ಸಾಕ್ಷಿ ನುಡಿದಳು. ಹನ್ನೊಂದು ವರ್ಷಗಳಲ್ಲಿ ನಾನು ತಿಪ್ಪೆಗೆ ಎಸೆದ ಗಡ್ಡೆಗಳ ಲೆಕ್ಕವನ್ನು ಅಲ್ಲಿಯೇ ಒಪ್ಪಿಸಬಹುದಿತ್ತು. ಆದರೆ ನನಗೆ ಆಗ ಬೇಕಾಗಿದ್ದದ್ದು ನ್ಯಾಯವಲ್ಲ, ಬಿತ್ತನೆ. ಸುಮ್ಮನೆ ಎಂದಿನಂತೆ ಒಂದು ಕಿಲೋ ತೂಗಿಸಿಕೊಂಡು, ತಳದಲ್ಲಿ ಎರಡಾದರೂ ಇದ್ದೇ ಇರುತ್ತವೆ ಎಂಬ ಭರವಸೆಯಿಂದ ಮನೆಗೆ ಬಂದು ಚೀಲ ಸುರಿದೆ. ಒಂದೂ ಇರಲಿಲ್ಲ. ಮುಂದಿನ ವಾರವೂ ಇರಲಿಲ್ಲ. ಅದರ ಮುಂದಿನ ವಾರ ಅವನು ಕೊಟ್ಟ ಗಡ್ಡೆಗಳಂತೂ ತೊಳೆದು ಒರೆಸಿದಂತೆ ನುಣ್ಣಗಿದ್ದವು. ಮನೆಯಾಕೆಗೆ ಬಹಳ ಸಂತೋಷವಾಯಿತು. ಮೊದಲೇ ಈ ಮಾತನ್ನು ಕೇಳಬಾರದಿತ್ತೇ ಎಂದಳು.

ಹೀಗೆ ಮೂರು ವಾರಗಳು ಅವನ ಮಾನಕ್ಕೆ ಸಂದವು. ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ ಎನ್ನುವವರಿಗೆ ನಮ್ಮ ಓಣಿ ತಿಳಿಯದು. ಬೇರೆ ಕಡೆಯಿಂದ ತಂದ ತರಕಾರಿ ಚೀಲವನ್ನು ಹಿಡಿದು ಆ ಅಂಗಡಿಯ ಮುಂದೆಯೇ ಹಾದುಬರಬೇಕು.

ಕೃಷಿ ಬಲ್ಲ ಗೆಳೆಯರೊಬ್ಬರನ್ನು ಕೇಳಿದರೆ, ತಿನ್ನುವ ಗಡ್ಡೆಯನ್ನು ಬಿತ್ತುವುದೇ ತಪ್ಪು ಎಂದರು. ನಂಜುರೋಗ ಗಡ್ಡೆಯಿಂದ ಗಡ್ಡೆಗೆ ದಾಟುತ್ತದೆ. ಆದ್ದರಿಂದಲೇ ಹಾಸನದ ರೈತರು ಕೂಡ ಪಂಜಾಬಿನ ಜಲಂಧರದ ಕಡೆಯಿಂದ ಬಿತ್ತನೆ ತರಿಸುತ್ತಾರೆ. ರೋಗ ಹರಡುವ ಗಿಡದ ಹೇನು ಅಲ್ಲಿಯ ಚಳಿಗಾಲದಲ್ಲಿ ಕಡಿಮೆ. ಕುಫ್ರಿ ಜ್ಯೋತಿ ತಳಿ ಹಾಕಿ ಎಂದೂ ಸಲಹೆ ಕೊಟ್ಟರು. ಕುಫ್ರಿ ಎಂಬುದು ಶಿಮ್ಲಾದ ಬಳಿ ಹಿಮ ಬೀಳುವ ಊರು. ಆ ಹೆಸರನ್ನು ರಾಯಚೂರಿನ ಬಿಸಿಲಿನಲ್ಲಿ ಉಚ್ಚರಿಸುವುದಕ್ಕೂ ಸಂಕೋಚವಾಗುತ್ತದೆ.

ಕೊನೆಗೆ ಆ ನುಣ್ಣನೆಯ ಗಡ್ಡೆಗಳನ್ನೇ ಮೊಳಕೆ ಬರಿಸಲು ಕುಳಿತೆ. ಮೊದಲು ಕತ್ತಲೆಯ ಕೋಣೆಯಲ್ಲಿಟ್ಟದ್ದರಿಂದ ಬಿಳಿಯ ದಾರದಂಥ ಉದ್ದನೆಯ ಮೊಳಕೆಗಳು ಬಂದು, ಮುಟ್ಟಿದರೆ ಮುರಿದವು. ಅವನ್ನು ಚಿವುಟಿ, ಗಡ್ಡೆಗಳನ್ನು ಬಿಸಿಲು ತಾಗದ ಬೆಳಕಿನಲ್ಲಿ ಹರವಿದ ಮೇಲೆಯೇ ಗಿಡ್ಡಗೆ, ದಪ್ಪಗೆ, ಹಸಿರುಗೂಡಿದ ಮೊಳಕೆಗಳು ಮೂಡಿದವು. "ತಂಪಾದ ಜಾಗದಲ್ಲಿಡಿ" ಎಂದು ಬರೆಯುವ ಪುಣ್ಯಾತ್ಮರು ಎಲ್ಲರೂ ಬೆಂಗಳೂರಿನಲ್ಲಿಯೇ ಇರುತ್ತಾರೆಂದು ಕಾಣುತ್ತದೆ. ನಮ್ಮ ಮನೆಯಲ್ಲಿ ತಂಪಾದ ಜಾಗವೆಂದರೆ ನೀರಿನ ಗಡಿಗೆಯ ಬುಡ, ಅಲ್ಲಿ ಬೆಕ್ಕು ಮಲಗುತ್ತದೆ.

ಮೊಟ್ಟೆಗಾತ್ರದವನ್ನು ಇಡಿಯಾಗಿ ಉಳಿಸಿ, ದೊಡ್ಡವನ್ನು ಎರಡೆರಡು ಕಣ್ಣಿರುವಂತೆ ಹೋಳು ಮಾಡಿದೆ. ಕೊಯ್ದ ಮೈಗೆ ಬೂದಿ ಹಚ್ಚಬೇಕಾಗಿತ್ತು. ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಇದ್ದಿಲಿನ ಇಸ್ತ್ರಿಯವನಿಂದ ಒಂದು ಹಿಡಿ ಬೇಡಿ ತಂದೆ. ಅವನು ಕಾರಣವನ್ನೂ ಕೇಳದೆ ಕೊಟ್ಟನು. ಎರೆಮಣ್ಣು ಒಣಗಿದರೆ ಕಲ್ಲಾಗುತ್ತದೆಂದು ಮರಳನ್ನೂ ಹಳೆಯ ಗೊಬ್ಬರವನ್ನೂ ಬೆರೆಸಿ ನಾಟಿ ಮುಗಿಸುವ ಹೊತ್ತಿಗೆ, ಊರಿನವರೆಲ್ಲ ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಬಂದಾಗಿತ್ತು.

ಗಡ್ಡೆ ಕಟ್ಟುವುದಕ್ಕೆ ಇಪ್ಪತ್ತು ಡಿಗ್ರಿಯ ಆಸುಪಾಸಿನ ತಂಪು ಬೇಕು; ಮೂವತ್ತು ದಾಟಿದರೆ ಬಳ್ಳಿ ಬರಿಯ ಎಲೆಯ ಸಂಸಾರ ಮಾಡುತ್ತದೆ. ಕಾರ್ತಿಕದಲ್ಲಿ ಹಾಕಿದ್ದರೆ ನಮಗೂ ಒಂದಿಷ್ಟು ಚಳಿ ದಕ್ಕುತ್ತಿತ್ತು. ಎರಡು ಸಲ ಬುಡಕ್ಕೆ ಮಣ್ಣು ಏರಿಸಿದೆ, ದಿನ ಬಿಟ್ಟು ದಿನ ನೀರುಣಿಸಿದೆ. ಮಾರ್ಚಿನ ಕೊನೆಗೆ ಎಲೆ ಹಳದಿಯಾಗಿ ಬಿದ್ದಾಗ ಅಗೆದು ನೋಡಿದರೆ ಹೆಚ್ಚಿನವು ಗೋಲಿಯ ಗಾತ್ರದವು. ಒಂದೂವರೆ ಕಿಲೋ ಹೂತಿದ್ದೆ, ಒಂದೂಕಾಲು ಕಿಲೋ ಸಿಕ್ಕಿತು. ಒಂದು ಹೊತ್ತಿನ ಪಲ್ಯವಾಯಿತು. ಸಿಪ್ಪೆ ಸುಲಿಯುವುದಕ್ಕೆ ಹಿಡಿದ ಸಮಯವನ್ನು ಮನೆಯಾಕೆ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಅದೇ ವಾರ ಅಂಗಡಿಗೆ ಹೋದೆ. ನಮ್ಮ ನಡುವಿನ ಮುನಿಸು ಆ ವೇಳೆಗೆ ಕರಗಿತ್ತು. ಕೊಸರಿಗೆ ಒಂದು ಎಸಳು ಕರಿಬೇವನ್ನೂ ಕೊಟ್ಟನು. ಮನೆಗೆ ಬಂದು ಚೀಲ ಸುರಿದಾಗ ತಳದಿಂದ ಎರಡು ಗಡ್ಡೆಗಳು ಕೊನೆಗೆ ಉರುಳಿದವು: ಮೊಟ್ಟೆಗಾತ್ರದವು, ಮೂರು ಮೂರು ಕಣ್ಣು, ಗಿಡ್ಡನೆಯ ಹಸಿರು ಮೊಳಕೆ. ಹೊರಗೆ ನಲವತ್ತು ಡಿಗ್ರಿಯ ಬಿಸಿಲಿತ್ತು.